ಎಲೆಕ್ಟ್ರಾನ್ ಯಾಕ ಬೀಳೂದಿಲ್ರಿ, ಮೇಡಂ

ಸವಣೂರಿನ ಗುಲ್ನಾಜ ಹನ್ನೊಂದು ವರ್ಷ ವಿಜ್ಞಾನ ಕಲಿಸಿದಳು. ಹನ್ನೊಂದು ವರ್ಷವೂ ಅತಿಥಿ ಶಿಕ್ಷಕಿಯಾಗಿಯೇ. ಶಾಲೆಯವರು ಜೂನ್ ತಿಂಗಳಲ್ಲಿ ಕರೆಯುತ್ತಿದ್ದರು, ಮಾರ್ಚ್ ಮುಗಿಯುತ್ತಿದ್ದಂತೆ ಸಾಕು ಎನ್ನುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ಮುಂದಿನ ಜೂನಿಗೆ ಕರೆ ಬರುತ್ತದೋ ಇಲ್ಲವೋ ಎಂದು ಕಾಯುತ್ತಾ ಕೂರುವುದು ಆಕೆಗೆ ಅಭ್ಯಾಸವಾಗಿಹೋಗಿತ್ತು.

ತಂದೆ ಬಾಬಾಜಾನ ಪೇಟೆಯಲ್ಲಿ ಎಲೆ ಮಾರುತ್ತಿದ್ದ. ಒದ್ದೆ ಗೋಣಿಚೀಲದ ಮೇಲೆ ವೀಳ್ಯದೆಲೆಯ ಕಟ್ಟು ಜೋಡಿಸಿಟ್ಟುಕೊಂಡು ಮೂವತ್ತು ವರ್ಷ ಕುಳಿತು, ಒಬ್ಬಳೇ ಮಗಳನ್ನು ಹಾವೇರಿಗೆ ಕಳಿಸಿ ಬಿ.ಎಸ್ಸಿ. ಮಾಡಿಸಿದ, ಆಮೇಲೆ ಬಿ.ಎಡ್. ಮಾಡಿಸಿದ. ಬಿ.ಎಸ್ಸಿ.ಯಲ್ಲಿ ಆಕೆ ತೆಗೆದುಕೊಂಡಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಭೌತಶಾಸ್ತ್ರ ಪಿಯುಸಿಗೇ ಬಿಟ್ಟುಹೋಗಿತ್ತು. ಆದರೆ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಒಬ್ಬರೇ ಶಿಕ್ಷಕರಿದ್ದರೆ ಕಪ್ಪೆಯ ಹೃದಯವನ್ನೂ ಅವರೇ ಹೇಳಬೇಕು, ಬೆಳಕಿನ ಪ್ರತಿಫಲನವನ್ನೂ ಅವರೇ ಹೇಳಬೇಕು. ಗೊತ್ತಿಲ್ಲದ ಕಡೆ ಗುಲ್ನಾಜ ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಪುಸ್ತಕದಲ್ಲಿದ್ದುದನ್ನು ಒಂದಕ್ಷರ ತಪ್ಪದೆ ಬೋರ್ಡಿಗೆ ಇಳಿಸುತ್ತಿದ್ದಳು. ಪರಮಾಣುವಿನ ಪಾಠ ಬಂದಾಗ ಕೈವಾರವಿಲ್ಲದೆ, ಬರೀ ಕೈಯಲ್ಲಿ, ಒಂದರ ಸುತ್ತ ಒಂದು ಉಂಗುರ ಎಳೆದು, ಒಳಗಿನದಕ್ಕೆ ಎರಡು ಚುಕ್ಕೆ, ಅದರಾಚೆಯದಕ್ಕೆ ಎಂಟು ಚುಕ್ಕೆ ಇಡುತ್ತಿದ್ದಳು. ಉಂಗುರಗಳು ಎಷ್ಟು ಗುಂಡಗಿರುತ್ತಿದ್ದವೆಂದರೆ ಮಕ್ಕಳು ಬರೆಯುವುದು ಬಿಟ್ಟು ನೋಡುತ್ತಿದ್ದರು.

ಆಕೆಯ ಶಾಲೆ ಇದ್ದದ್ದು ಶಿಗ್ಗಾಂವಿ ದಾಟಿ ತಡಸದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ದಿನಾಲೂ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಅಲ್ಲಿ ಒಂಬತ್ತನೆಯ ತರಗತಿಯಲ್ಲಿ ವಿದ್ಯಾ ಎಂಬ ಹುಡುಗಿಯಿದ್ದಳು. ಅದೇ ಊರಿನ ಮಂಜಪ್ಪನ ಮಗಳು. ಮಂಜಪ್ಪ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಅವನ ಹೆಂಡತಿ ಗುತ್ತೆವ್ವ ಕೂಲಿಗೆ ಹೋಗುತ್ತಿದ್ದಳು. ವಿದ್ಯಾಳ ಅಂಕಗಳು ಹೇಳಿಕೊಳ್ಳುವಂಥವೇನಲ್ಲ. ಅಕ್ಷರವೂ ಕೋಳಿ ಕೆದರಿದ ಹಾಗೆ. ಒಂದೇ ಒಂದು ವಿಶೇಷವೆಂದರೆ, ಹೇಳಿದ್ದನ್ನು ಅವಳು ಮೊದಲಿನಿಂದ ಕೊನೆಯವರೆಗೂ ಕೇಳುತ್ತಿದ್ದಳು. ಎಲ್ಲೋ ಒಂದು ಕಡೆ ಹೊಂದದಿದ್ದರೆ ಹುಬ್ಬು ಗಂಟು ಹಾಕಿ ಅಲ್ಲೇ ನಿಂತುಬಿಡುತ್ತಿದ್ದಳು.

ಎರಡು ಸಾವಿರದ ಹದಿನೆಂಟರ ನವೆಂಬರ್ ತಿಂಗಳು. ವಿಷಯ ಪರಿವೀಕ್ಷಕರು ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರು ಬರೆದುಕೊಳ್ಳುವ ನಾಲ್ಕು ಸಾಲಿನ ಮೇಲೆ ಮುಂದಿನ ವರ್ಷದ ಕರೆ ನಿಂತಿದೆ ಎಂದು ಗುಲ್ನಾಜಳ ನಂಬಿಕೆ. ಪಾಠ ಪರಮಾಣುವಿನದು. ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಸುತ್ತ ತಿರುಗುತ್ತದೆ ಎಂದಳು. ಹಾಗೆ ತಿರುಗುವ ವಿದ್ಯುದಾವೇಶದ ಕಣ ಶಕ್ತಿ ಹೊರಚೆಲ್ಲುತ್ತಾ ಹೋಗಬೇಕು, ಸುರುಳಿ ಸುರುಳಿಯಾಗಿ ಒಳಗೆ ಬಿದ್ದುಬಿಡಬೇಕು, ಹಾಗೇನಾದರೂ ಆದರೆ ಯಾವ ವಸ್ತುವೂ ಉಳಿಯುವುದಿಲ್ಲ ಎಂದಳು. ಇದೇ ಹಳೆಯ ಮಾದರಿಯ ದೋಷ. ಆಮೇಲೆ ಬೋರ್ ಎಂಬ ವಿಜ್ಞಾನಿ ಬಂದು, ಕೆಲವು ನಿಗದಿತ ಕಕ್ಷೆಗಳಲ್ಲಿ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದರು. ದೋಷ ಹೋಯಿತು. ಬರೆದುಕೊಳ್ಳಿ.

ವಿದ್ಯಾ ಬರೆದುಕೊಳ್ಳಲಿಲ್ಲ. ಎದ್ದು ನಿಂತಳು.

"ಮೇಡಂ, ಮದ್ಲ ತಿರಗಿದ್ರ ಶಕ್ತಿ ಹೋಗತೈತಿ, ಬೀಳ್ತೈತಿ ಅಂದ್ರಿ. ಈಗ ತಿರಗಿದ್ರೂ ಬೀಳೂದಿಲ್ಲ ಅಂತೀರಿ. ನಡುವ ಏನಾತ್ರಿ?"

"ಬೋರ್ ಅವರು ಹೇಳ್ಯಾರಲ್ಲ, ಆ ಕಕ್ಷೆದಾಗ ಶಕ್ತಿ ಕಳಕೊಳ್ಳೂದಿಲ್ಲಂತ."

"ಅವರು ಹೇಳಿದ್ದು ಎಲೆಕ್ಟ್ರಾನಿಗೆ ಹೆಂಗ್ ಗೊತ್ತಾತ್ರಿ? ಯಾಕ ಬೀಳೂದಿಲ್ರಿ, ಮೇಡಂ?"

ತರಗತಿ ಘೊಳ್ಳೆಂದು ನಕ್ಕಿತು. ಹಿಂದೆ ಕುಳಿತ ಪರಿವೀಕ್ಷಕರೂ ಮುಗುಳ್ನಕ್ಕರು. ಆ ನಗೆ ಹುಡುಗಿಯನ್ನು ಮೆಚ್ಚಿದ ನಗೆ ಇದ್ದೀತು ಎಂದು ಗುಲ್ನಾಜಳಿಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆ ಗಳಿಗೆಯಲ್ಲಿ ಮಾತ್ರ ಅದು ತನ್ನನ್ನೇ ನೋಡಿ ನಕ್ಕದ್ದೆನಿಸಿ, ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಉತ್ತರ ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮೂರಕ್ಷರ ಬಾಯಿಂದ ಹೊರಡಲಿಲ್ಲ.

"ಎರಡು, ಎಂಟು, ಹದಿನೆಂಟು ಬಾಯಿಪಾಠ ಮಾಡಾಕ ಬರೂದಿಲ್ಲ ನಿನಗ, ದೊಡ್ಡವರ ತಪ್ಪು ಹುಡಕಾಕ ಬರ್ತಿಯೇನು? ತಾಸು ಮುಗಿಯೂತನಾ ಹಂಗ ನಿಂದ್ರು."

ವಿದ್ಯಾ ನಿಂತಳು. ಗಂಟೆ ಬಾರಿಸುವ ತನಕ, ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೋರ್ಡಿನ ಮೇಲಿನ ಉಂಗುರಗಳನ್ನೇ ನೋಡುತ್ತಾ ನಿಂತಿದ್ದಳು. ಮಾರನೆಯ ದಿನದಿಂದ ಕೊನೆಯ ಬೆಂಚಿಗೆ ಹೋಗಿ ಕುಳಿತಳು. ಹೇಳಿದ್ದೆಲ್ಲ ಬರೆದುಕೊಂಡಳು. ಒಂಬತ್ತು ಮುಗಿದು ಹತ್ತೂ ಮುಗಿಯುವವರೆಗೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಹುಡುಗಿ ದಾರಿಗೆ ಬಂದಳು ಎಂದು ಗುಲ್ನಾಜ ಸಮಾಧಾನಪಟ್ಟುಕೊಂಡಿದ್ದಳು.

ಎರಡು ಸಾವಿರದ ಇಪ್ಪತ್ತರ ಆಗಸ್ಟಿನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಅದು ಕೊರೊನಾದ ವರ್ಷ. ಶಾಲೆಗಳು ಮುಚ್ಚಿದ್ದವು. ಅತಿಥಿ ಶಿಕ್ಷಕರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳುವವರಿರಲಿಲ್ಲ. ಗುಲ್ನಾಜ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಮಾಸ್ಕು ಹೊಲಿಯುತ್ತಿದ್ದಳು. ಯಾರ ಮುಖ ಕಂಡರೂ ಸಿಟ್ಟು ಬರುತ್ತಿದ್ದ ದಿನಗಳು ಅವು. ಅಂಥದೊಂದು ಮಧ್ಯಾಹ್ನ ಮಂಜಪ್ಪ ಯಾರದೋ ಬೈಕಿನ ಹಿಂದೆ ಕುಳಿತು ಸವಣೂರಿಗೆ ಬಂದ. ಮನೆ ಕೇಳಿಕೊಂಡು ಬಂದವನು ಬಾಗಿಲ ಹೊರಗೇ ನಿಂತ. ಬಾಬಾಜಾನ ಎಷ್ಟು ಕರೆದರೂ ಒಳಗೆ ಬರಲಿಲ್ಲ.

"ಮೇಡಂ, ವಿದ್ಯಾ ಪಾಸಾಗ್ಯಾಳ್ರಿ. ಮುಂದ ಸಾಯನ್ಸ್ ಓದ್ತೇನಿ ಅಂತಾಳ. ಶಿಗ್ಗಾಂವಿ ಕಾಲೇಜಿಗೆ ಹಚ್ಚೂದೋ ಬ್ಯಾಡೋ, ನಮಗ ತಿಳಿಯೂದಿಲ್ರಿ. ಕಲಿಸಿದವ್ರು ನೀವು. ಒಂದ್ ಮಾತ್ ಹೇಳ್ರಿ."

"ವಿಜ್ಞಾನಕ್ಕ ಎಷ್ಟು ಬಿದ್ದಾವ್ರಿ?"

"ಅರವತ್ತೊಂಬತ್ತ್ರಿ."

ಗುಲ್ನಾಜ ಯಂತ್ರದ ಚಕ್ರದ ಮೇಲಿಂದ ಕೈ ತೆಗೆಯಲಿಲ್ಲ. "ಅಷ್ಟರಾಗ ಸಾಯನ್ಸ್ ಆಗೂದಿಲ್ರಿ. ಆಕಿಗೆ ತಲಿ ಐತಿ, ಇಲ್ಲಂತ ಅಲ್ಲ. ಆದ್ರ ಅದು ಓದೂ ತಲಿ ಅಲ್ರಿ. ವಾದಾ ಮಾಡೂ ತಲಿ."

ಮಂಜಪ್ಪ ಅಂಕಪಟ್ಟಿಯ ಝೆರಾಕ್ಸ್ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗಿಟ್ಟುಕೊಂಡ. "ಆತ್ರಿ ಮೇಡಂ. ನಿಮ್ಮನ್ನ ಕೇಳಿದ್ದ ಚಲೋ ಆತು" ಎಂದು ಕೈಮುಗಿದು ಹೋದ.

ಅವನು ತಿರುವು ದಾಟುವವರೆಗೂ ನೋಡುತ್ತಿದ್ದು ಬಾಬಾಜಾನ ಹೇಳಿದ: "ಅಷ್ಟ್ ದೂರದಿಂದ ಬಂದಾನ. ಎರಡ್ ಮಾತಿನ್ಯಾಗ ಕಳಿಸಿಬಿಟ್ಟೆಲ್ಲವಾ."

ಗುಲ್ನಾಜ ಯಂತ್ರ ತುಳಿದಳು.

ಶಾಲೆಗಳು ತೆರೆದವು. ಮತ್ತೆ ಕರೆ ಬಂತು, ಮತ್ತೆ ಎರಡು ಬಸ್ಸು. ವಿದ್ಯಾಳ ಮುಖ ಮರೆತೂಹೋಯಿತು. ಇಪ್ಪತ್ನಾಲ್ಕರಲ್ಲಿ ವಿಜ್ಞಾನ ಶಿಕ್ಷಕರಿಗೆ ಶಿಗ್ಗಾಂವಿಯಲ್ಲಿ ಎರಡು ದಿನದ ತರಬೇತಿ ಬಂದಾಗ, ಕಳಿಸಲು ಖಾಯಂ ಶಿಕ್ಷಕರು ಇಲ್ಲವೆಂದು ಮುಖ್ಯೋಪಾಧ್ಯಾಯರು ಗುಲ್ನಾಜಳನ್ನೇ ಕಳಿಸಿದರು. ಹಾನಗಲ್ಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗುದ್ಲೆಪ್ಪ ಎಂಬ ಹಿರಿಯ ಉಪನ್ಯಾಸಕರು ಎರಡನೆಯ ದಿನ ಮಾತಾಡಲು ಬಂದಿದ್ದರು. ತೆಳ್ಳಗಿನ ಮನುಷ್ಯ, ಮಾತು ಮೆಲ್ಲಗೆ.

"ನೀವೆಲ್ಲಾರೂ ಬೋರ್ಡ್ ಮ್ಯಾಲ ಉಂಗುರ ತಗೀತೀರಿ" ಎಂದು ಶುರು ಮಾಡಿದರು. "ಪರೀಕ್ಷಾಕ್ಕ ಅದು ಬೇಕು, ತಗೀರಿ. ಆದ್ರ ಆ ಉಂಗುರ ಪರಮಾಣುವಿನಾಗ ಎಲ್ಲೂ ಇಲ್ರಿ. ಎಲೆಕ್ಟ್ರಾನ್ ಯಾಕ ಬೀಳೂದಿಲ್ಲ ಅಂತ ಒಮ್ಮೆರ ನಿಮಗ ಅನಿಸೈತೇನು?"

ಗುಲ್ನಾಜ ಬರೆಯುತ್ತಿದ್ದ ಕೈ ನಿಲ್ಲಿಸಿದಳು.

"ಬೋರ್ ಅವರ ಹತ್ರಾನೂ ಇದಕ್ಕ ಉತ್ತರ ಇದ್ದಿಲ್ರಿ. ಬೀಳೂದಿಲ್ಲ ಅಂತ ತಿಳಕೊಳ್ಳೂಣು ಅಂದ್ರು, ಲೆಕ್ಕ ಹೊಂದಿತು. ಯಾಕ ಅನ್ನೂದು ತಿಳಿಯಾಕ ಮತ್ತ ಹನ್ನೆರಡು ಹದಿಮೂರು ವರ್ಷ ಹಿಡೀತು. ಎಲೆಕ್ಟ್ರಾನ್ ಅಂದ್ರ ತಿರಗೂ ಗೋಲಿಗುಂಡ ಅಲ್ರಿ. ಅದು ನೀರಿನ ಅಲೆ ಹಂಗ ಹರಡಿಕೊಂಡಿರ್ತೈತಿ. ನ್ಯೂಕ್ಲಿಯಸ್ ಅದನ್ನ ಒಳಗ ಎಳೀತೈತಿ, ಖರೆ. ಆದ್ರ ಸಣ್ಣ ಜಾಗಾದಾಗ ಅದನ್ನ ಅಮುಕಿದಷ್ಟೂ ಅದರ ಚಲನಶಕ್ತಿ ಏರ್ತೈತಿ, ಹರಡಾಕ ನೋಡ್ತೈತಿ. ಎಳೆಯೂದು, ಹರಡೂದು, ಎರಡೂ ಒಂದ್ ಅಳತಿಯೊಳಗ ಸಮಾ ಆಕ್ಕಾವು. ಅದ ಪರಮಾಣುವಿನ ಗಾತ್ರ. ಅದಕ್ಕಿಂತ ಕೆಳಗ ಮೆಟ್ಟಲನ ಇಲ್ಲ. ಕೆಳಗ ಮೆಟ್ಟಲ ಇಲ್ಲದ ಮ್ಯಾಲ ಎಲ್ಲಿಗೆ ಬೀಳಬೇಕ್ರಿ ಅದು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷ ಕಲಿಸೇನಿ. ಬೋರ್ ಹೇಳಿದ್ದು ಓದಿ, ಅಲ್ಲೇ ನಿಂತು, ತಾವಾಗೇ 'ಅದ್ಯಾಕ' ಅಂತ ಕೇಳಿದ ಹುಡುಗರು ನನಗ ಒಬ್ಬರೂ ಸಿಕ್ಕಿಲ್ರಿ. ಸಿಕ್ಕಿದ್ರ ಬಿಡತಿದ್ದಿಲ್ಲ. ನಿಮ್ಮ ಸಾಲಿಗಳೊಳಗ ಯಾರರ ಕೇಳ್ಯಾರೇನು?"

ಅವರ ನೋಟ ಸಾಲಿನಿಂದ ಸಾಲಿಗೆ ಬಂದು ಗುಲ್ನಾಜಳ ಮೇಲೆ ನಿಂತಿತು.

"ಇಲ್ರಿ ಸರ್" ಎಂದಳು ಗುಲ್ನಾಜ.

ಆ ಸುಳ್ಳು ಹೇಳಿದ ಮೇಲೆ ಆಕೆಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು, ಅಕ್ಷರ ನೆಟ್ಟಗಿಲ್ಲದವಳು, ಯಾರ ಸಹಾಯವೂ ಇಲ್ಲದೆ ದೊಡ್ಡ ದೊಡ್ಡವರು ತಡವರಿಸಿದ ಜಾಗಕ್ಕೇ ಬಂದು ನಿಂತಿದ್ದಳು. ಅವಳನ್ನು ತಾನು ಒಂದು ತಾಸು ನಿಲ್ಲಿಸಿದ್ದೆ. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅಂಕಪಟ್ಟಿ ಮಡಿಚಿಕೊಂಡು ಹೋದ ಮಂಜಪ್ಪ ಕಣ್ಣಮುಂದೆ ಬಂದು ನಿಂತರೆ ಅದನ್ನು ಹೇಗೆ ನುಂಗುವುದು? ಗುದ್ಲೆಪ್ಪ ಹೇಳಿದ್ದನ್ನು ಗುಲ್ನಾಜ ನೋಟುಬುಕ್ಕಿನಲ್ಲಿ ಬರೆದಳು, ತಿಳಿಯುವವರೆಗೆ ಓದಿದಳು, ಮತ್ತೆ ಬರೆದಳು. ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ವಿದ್ಯಾಳ ಮನೆ ಹುಡುಕಿಕೊಂಡು ಹೋದಳು.

ಗುತ್ತೆವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕುಳಿತಿದ್ದಳು. ಮೇಡಂ ಮನೆಗೆ ಬಂದರೆಂದು ಗಡಬಡಿಸಿ ಎದ್ದು ಚಾಪೆ ಹಾಸಿದಳು, ಚಹಾಕ್ಕಿಟ್ಟಳು.

"ವಿದ್ಯಾನ್ನ ಕೊಟ್ಟು ಎರಡ್ ವರ್ಷಾತ್ರಿ. ಹಿರೇಕೆರೂರ ತಾಲೂಕಿಗೆ. ಒಂದು ಕೂಸೂ ಆಗೈತ್ರಿ, ಹೆಣ್ಣು. ಅಲ್ಲೆ ಬೀಜದ ಪ್ಲಾಟಿನ್ಯಾಗ ಕ್ರಾಸಿಂಗ್ ಕೆಲಸಕ್ಕ ಹೊಕ್ಕಾಳ."

"ಆಕಿ ಕಾಲೇಜು..."

"ನೀವ ಹೇಳಿ ಕಳಸಿದ್ರೆಲ್ರಿ, ಓದೂ ತಲಿ ಅಲ್ಲಂತ." ಗುತ್ತೆವ್ವಳ ದನಿಯಲ್ಲಿ ಆಪಾದನೆ ಎಳ್ಳಷ್ಟೂ ಇರಲಿಲ್ಲ. "ಒಂದ್ ವಾರ ಸರಿಯಾಗಿ ಉಣ್ಣಲಿಲ್ರಿ ಆಕಿ. ಅವರಪ್ಪ ಅಂದ, ಮೇಡಂ ಯಾಕ ಸುಳ್ಳ ಹೇಳ್ತಾರ, ನಿನ್ನ ಮ್ಯಾಲ ಅವರಿಗೇನ್ ಹಗಿ ಐತೇನು ಅಂತ. ಆಮ್ಯಾಲ ತಾನ ಸುಮ್ಮನಾದ್ಲು. ಖರೆ ಹೇಳಿ ಚಲೋ ಮಾಡಿದ್ರಿ. ಇಲ್ಲಾಂದ್ರ ಎರಡ್ ವರ್ಷ ಸುಮ್ನ ಹಾಳಾಕ್ಕಿದ್ವು."

"ನಾ ಹೇಳಿದ್ದು ತಪ್ಪಿತ್ರಿ" ಎಂದಳು ಗುಲ್ನಾಜ.

ಗುತ್ತೆವ್ವ ನಕ್ಕಳು. ದೊಡ್ಡವರು ಹಾಗೆ ಹೇಳುವುದು ಅವರ ದೊಡ್ಡತನ ಎಂದುಕೊಂಡಳು. "ಇರ್ಲಿ ಬಿಡ್ರಿ ಮೇಡಂ. ಚಾ ಆರತೈತಿ, ಕುಡೀರಿ."

ಗುಲ್ನಾಜ ವಿದ್ಯಾಳ ಊರು, ಹೊಲದ ಗುರುತು ಕೇಳಿ ಬರೆದುಕೊಂಡು ಎದ್ದಳು.

ಮರುದಿನ ಭಾನುವಾರ ಹಾವೇರಿಗೆ ಹೋಗಿ, ಅಲ್ಲಿಂದ ಹಿರೇಕೆರೂರಿನ ಬಸ್ಸು ಹಿಡಿದು, ಅದರಾಚೆಗೆ ಟಂಟಂ ರಿಕ್ಷಾದಲ್ಲಿ ಕುಳಿತು, ಹನ್ನೊಂದರ ಬಿಸಿಲಿಗೆ ವಿದ್ಯಾ ಕೆಲಸ ಮಾಡುವ ಹೊಲ ತಲುಪಿದಳು. ಬಿಳಿಯ ನೆಟ್ ಕಟ್ಟಿದ ಟೊಮ್ಯಾಟೊ ಪ್ಲಾಟು. ಒಳಗೆ ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಸಾಲಿನ ನಡುವೆ ಬಗ್ಗಿದ್ದರು. ಇನ್ನೂ ಅರಳದ ಮೊಗ್ಗನ್ನು ಹಿಂದಿನ ದಿನವೇ ಚಿಮಟಿಯಿಂದ ಬಿಡಿಸಿ ಕೇಸರ ಕಿತ್ತಿಟ್ಟಿರುತ್ತಾರೆ. ಮಾರನೆಯ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗದ ಪುಡಿಯನ್ನು ಅದರ ತುದಿಗೆ ಮುಟ್ಟಿಸಿ ಮಿಶ್ರತಳಿಯ ಬೀಜ ಹಿಡಿಯುತ್ತಾರೆ. ಒಂದು ಹೂವಾದ ಮೇಲೆ ಇನ್ನೊಂದು, ದಿನವಿಡೀ. ಬದುವಿನ ಮರದ ನೆರಳಿನಲ್ಲಿ ಸೀರೆಯ ಜೋಳಿಗೆಯಲ್ಲಿ ಕೂಸೊಂದು ಮಲಗಿತ್ತು.

ವಿದ್ಯಾ ಗುರುತು ಹಿಡಿದು ಹೊರಗೆ ಬಂದಳು. ತೆಳ್ಳಗಾಗಿದ್ದಳು. ಬೆರಳ ತುದಿಗಳೆಲ್ಲ ಟೊಮ್ಯಾಟೊ ಗಿಡದ ಕಲೆ ಹಿಡಿದು ಹಸಿರುಗಪ್ಪಾಗಿದ್ದವು.

"ಅಯ್ಯ, ಗುಲ್ನಾಜ ಮೇಡಂ! ಇಲ್ಲೆಲ್ಲಿ ಬಂದ್ರಿ? ಕುಂದರ್ರಿ, ನೀರ ಕುಡೀರಿ."

ಗುಲ್ನಾಜ ಬಾಟಲಿ ಕೈಗೆ ತೆಗೆದುಕೊಂಡಳು, ಕುಡಿಯಲಿಲ್ಲ. "ವಿದ್ಯಾ, ಒಂಬತ್ತನೇ ಕ್ಲಾಸಿನ್ಯಾಗ ನೀ ಒಂದ್ ಪ್ರಶ್ನಿ ಕೇಳಿದ್ದಿ. ಅದರ ಉತ್ತರ ಹೇಳಾಕ ಬಂದೇನಿ."

"ಯಾವ ಪ್ರಶ್ನಿರಿ?"

"ಎಲೆಕ್ಟ್ರಾನ್ ಯಾಕ ಬೀಳೂದಿಲ್ಲಂತ."

ವಿದ್ಯಾ ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟಳು.

"ಪ್ರಶ್ನಿ ನೆನಪಿಲ್ರಿ ಮೇಡಂ. ತಾಸು ಮುಗಿಯೂತನಾ ನಿಂತಿದ್ದು ನೆನಪೈತ್ರಿ."

ಗುಲ್ನಾಜ ಕಡ್ಡಿಯೊಂದನ್ನು ಹುಡುಕಿ ಮಣ್ಣಿನ ಮೇಲೆ ಗೀಚುತ್ತಾ ಹೇಳತೊಡಗಿದಳು. ಉಂಗುರ ಎಳೆಯಲಿಲ್ಲ. ನಡುವೆ ಒಂದು ಚುಕ್ಕೆ ಇಟ್ಟು, ಸುತ್ತಲೂ ಅಂಗೈಯಿಂದ ಮಣ್ಣು ಸವರಿ, ಎಲೆಕ್ಟ್ರಾನ್ ಹೀಗೆ ಹರಡಿಕೊಂಡಿರುತ್ತದೆ, ಒಂದೇ ಜಾಗದಲ್ಲಿ ಇಂಥಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಲಾಗದು ಎಂದಳು. ಒಳಗಿನ ಎಳೆತ, ಅಮುಕಿದಷ್ಟೂ ಏರುವ ಶಕ್ತಿ, ಎರಡೂ ಸಮನಾಗುವ ಅಳತೆ, ಎಲ್ಲವನ್ನೂ ಹೇಳಿದಳು. ವಿದ್ಯಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮೊದಲು ಮರ್ಯಾದೆಗೆ ತಲೆಯಾಡಿಸುತ್ತಿದ್ದವಳು, ನಡುವೆಲ್ಲೋ ತಲೆಯಾಡಿಸುವುದನ್ನು ನಿಲ್ಲಿಸಿದಳು. ಹುಬ್ಬು ಗಂಟಾಯಿತು.

"ಹಂಗಾರ ಮೇಡಂ, ಎರಡನೇ ಎಲೆಕ್ಟ್ರಾನ್..."

"ವಿದ್ಯಾ! ಪುಡಿ ಆರಿ ಹೊಕ್ಕೈತಿ, ಬಾ ಲಗೂನ!" ನೆಟ್ಟಿನೊಳಗಿಂದ ಕೆಲಸ ನೋಡಿಕೊಳ್ಳುವ ಹೆಂಗಸು ಕೂಗಿದಳು.

"ಬಂದೆ ಅಕ್ಕಾ!" ವಿದ್ಯಾ ಎದ್ದುಬಿಟ್ಟಳು.

"ಎರಡನೇ ಎಲೆಕ್ಟ್ರಾನ್ ಏನು? ಕೇಳು, ಕೇಳಿ ಹೋಗು."

"ಏನಿಲ್ಲ ಬಿಡ್ರಿ. ಮರ್ತೆ ನೋಡ್ರಿ."

ಗುಲ್ನಾಜ ಅವಳ ಕೈ ಹಿಡಿದುಕೊಂಡಳು. "ನೀ ಇನ್ನೂ ಓದಬಹುದು. ಮನಿಯಾಗ ಕುಂತು ಪಿಯುಸಿ ಕಟ್ಟಾಕ ಬರ್ತೈತಿ. ಪುಸ್ತಕ ನಾ ತಂದುಕೊಡ್ತೇನಿ, ನಾನ ಬಂದು ಹೇಳ್ಕೊಡ್ತೇನಿ. ಅವತ್ತು ನಾ ನಿಮ್ಮಪ್ಪಗ ಹೇಳಿದ್ದು ಸುಳ್ಳು. ಉತ್ತರ ಗೊತ್ತಿದ್ದಿಲ್ಲ ನನಗ, ಅದಕ್ಕ ಸಿಟ್ಟಿತ್ತು. ನಿನ್ನ ತಲಿ ಭಾಳ ಚಲೋ ಐತಿ."

ವಿದ್ಯಾ ಕೈ ಕಿತ್ತುಕೊಳ್ಳಲಿಲ್ಲ. ಹಾಗೆಯೇ ಬಿಟ್ಟುಕೊಂಡು, ಜೋಳಿಗೆಯ ಕಡೆ ನೋಡುತ್ತಾ ಹೇಳಿದಳು:

"ನೀವು ಅಂದದ್ದನ್ನ ಒಂದ್ ವರ್ಷ ನಾ ನಂಬಲಿಲ್ರಿ. ಭಾಳ ಅತ್ತೆ. ಆಮ್ಯಾಲ ನಂಬಿದೆ. ನಂಬಿದಮ್ಯಾಲ ತ್ರಾಸ ಕಡಿಮಿ ಆತ್ರಿ. ಈಗ ಬಂದು ಅದು ಸುಳ್ಳು ಅಂತ ಹೇಳಬ್ಯಾಡ್ರಿ ಮೇಡಂ. ನಿಮಗ ಕೈ ಮುಗೀತೇನಿ."

ಆಮೇಲೆ ನೆಟ್ಟನ್ನು ಎತ್ತಿ ಒಳಗೆ ಹೋದಳು. ಗುಲ್ನಾಜ ಅರ್ಧ ತಾಸು ಅಲ್ಲೇ ಕುಳಿತಿದ್ದಳು. ಬಿಳಿ ಪರದೆಯ ಆಚೆ ವಿದ್ಯಾಳ ಬಗ್ಗಿದ ಬೆನ್ನು ಸಾಲಿನಿಂದ ಸಾಲಿಗೆ ಸರಿಯುತ್ತಾ ಕೊನೆಗೆ ಉಳಿದ ಬೆನ್ನುಗಳಲ್ಲಿ ಬೆರೆತುಹೋಯಿತು, ಯಾವುದು ಅವಳದೆಂದು ತಿಳಿಯಲಿಲ್ಲ. ಕೂಸು ಎದ್ದು ಅತ್ತಿತು. ಬೇರೆ ಯಾರೋ ಬಂದು ತೂಗಿದರು.

ಆ ವರ್ಷ ಪರಮಾಣುವಿನ ಪಾಠ ಬಂದಾಗ ಗುಲ್ನಾಜ ಉಂಗುರ ಎಳೆದು, ಇದು ಪರೀಕ್ಷೆಗೆ ಮಾತ್ರ, ನಿಜ ಹೀಗಿಲ್ಲ ಎಂದು ಹೇಳಿ, ತಿಳಿದಷ್ಟನ್ನು ತಿಳಿಸಿದಳು. ಮಕ್ಕಳು ಅದನ್ನೂ ಹಾಗೆಯೇ ಬರೆದುಕೊಂಡರು. "ಯಾರಿಗರ ಏನರ ಕೇಳೂದೈತೇನು? ತಪ್ಪಾದ್ರೂ ನಡೀತೈತಿ, ಕೇಳ್ರಿ" ಎಂದು ಎರಡು ಸಲ ಕೇಳಿದಳು. ಒಬ್ಬ ಹುಡುಗ ಎದ್ದು, ಇದು ಎಷ್ಟು ಅಂಕಕ್ಕೆ ಬರುತ್ತದೆ ಎಂದು ಕೇಳಿದ.

ಮುಂದಿನ ಜೂನಿನಲ್ಲಿ ಆ ಶಾಲೆಗೆ ವರ್ಗಾವಣೆಯಾಗಿ ಖಾಯಂ ವಿಜ್ಞಾನ ಶಿಕ್ಷಕರು ಬಂದರು. ಯಾರೂ ಗುಲ್ನಾಜಳನ್ನು ಬೇಡವೆನ್ನಲಿಲ್ಲ. ಕರೆಯಲಿಲ್ಲ, ಅಷ್ಟೇ. ಸುತ್ತಲಿನ ಮೂರು ಶಾಲೆಗಳಿಗೆ ಅರ್ಜಿ ಕೊಟ್ಟಳು, ಎಲ್ಲಿಯೂ ಜಾಗ ಖಾಲಿ ಇರಲಿಲ್ಲ. ಬಾಬಾಜಾನನ ಮೊಣಕಾಲು ಹೋಗಿತ್ತು. ಬೆಳಿಗ್ಗೆ ಎಲೆಯ ಕಟ್ಟು ಬಿಡಿಸಿ, ಕೊಳೆತದ್ದನ್ನು ಆರಿಸಿ ತೆಗೆದು, ನೀರು ಚಿಮುಕಿಸಿ ಜೋಡಿಸುವ ಕೆಲಸ ಆಕೆಯ ಪಾಲಿಗೆ ಬಂತು. ಹಳೆಯ ವಿದ್ಯಾರ್ಥಿಗಳು ಯಾರಾದರೂ ಪೇಟೆಯಲ್ಲಿ ಕಂಡು "ನಮಸ್ಕಾರ ಮೇಡಂ" ಎಂದರೆ ತಲೆ ಎತ್ತದೆ ನಮಸ್ಕಾರ ಹೇಳುತ್ತಿದ್ದಳು.

ಅಕ್ಟೋಬರ್ ತಿಂಗಳಲ್ಲಿ ತಂದೆಯ ಔಷಧಿಗೆಂದು ಶಿಗ್ಗಾಂವಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಗುತ್ತೆವ್ವ ಸಿಕ್ಕಳು. ವಿದ್ಯಾಳಿಗೆ ಎರಡನೆಯದೂ ಹೆಣ್ಣಾಗಿ ಎರಡು ತಿಂಗಳಾಗಿತ್ತು. ಬಾಣಂತನ ಮುಗಿಯುವ ಮುಂಚೆಯೇ ಗಂಡನ ಮನೆಯವರು ಕರೆದುಕೊಂಡು ಹೋಗಿದ್ದರು, ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ ಶುರುವಾಗಿತ್ತಂತೆ.

"ಕೈ ಭಾಳ ಚುರುಕಂತ್ರಿ ಆಕಿದು" ಎಂದಳು ಗುತ್ತೆವ್ವ ಹೆಮ್ಮೆಯಿಂದ. "ಆಕಿ ಮಾಡಿದಷ್ಟ ಹೂವ ಇಡೀ ಪ್ಲಾಟಿನ್ಯಾಗ ಯಾರಿಗೂ ಮಾಡಾಕ ಆಗೂದಿಲ್ಲಂತ. ಆಕಿನ್ನ ಬಿಟ್ಟುಕೊಡಾಕ ಮಾಲಕರು ತಯಾರಿಲ್ರಿ."

"ಹೌದ್ರಿ" ಎಂದಳು ಗುಲ್ನಾಜ.

ಸವಣೂರಿನ ಬಸ್ಸು ಬಂತು. ಗದ್ದಲದಲ್ಲಿ ಆಕೆಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತುಕೊಂಡೇ ಹೋದಳು.